ಬಿಸಿಲಿಗೆ ಕೋಳಿಯ ಜೀನ್ ಬದಲಾಗುತ್ತದೆಯೇ? ಆ ಮಾಂಸ ತಿಂದರೆ ಅಪಾಯವೇ?

ಮಾರ್ಚ್ ಮುಗಿಯುವ ಹೊತ್ತಿಗೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಬಿಸಿಲು ಮೈ ಸುಡಲು ಶುರು ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರುವುದು ಇಲ್ಲಿ ಹೊಸದೇನಲ್ಲ. ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಗ್ರಾನೈಟ್ ಹಗಲೆಲ್ಲ ಹೀರಿದ ಬಿಸಿಯನ್ನು ಸಂಜೆಯ ಮೇಲೂ ಹೊರಗೆ ಬಿಡುತ್ತಿರುತ್ತವೆ. ಜನರಿಗೇ ತಡೆಯಲಾಗದ ಈ ಸೆಕೆಯಲ್ಲಿ ಮೈತುಂಬ ಗರಿ ಹೊತ್ತ ಕೋಳಿಯ ಪಾಡು ಕೇಳುವುದೇ ಬೇಡ.

ಇದೇ ಹೊತ್ತಿಗೆ ಕೋಳಿಯ ಬಗ್ಗೆ ತರಹೇವಾರಿ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹಾರತೊಡಗುತ್ತವೆ. ಅವುಗಳಲ್ಲಿ ಮೂರು ಮಾತುಗಳನ್ನು ಇಲ್ಲಿ ನೋಡೋಣ. ಬಿಸಿಲಿಗೆ ಕೋಳಿಯ ಜೀನ್ ಬದಲಾಗುತ್ತದೆ, ಅದನ್ನು ತಿಂದವರ ಜೀನೂ ಕೆಡುತ್ತದೆ ಎಂಬುದು ಒಂದು. ಬಿಸಿಲು ತಡೆಯುವ ತಳಿಗಳೆಲ್ಲ ಪ್ರಯೋಗಾಲಯದಲ್ಲಿ ಜೀನ್ ತಿದ್ದಿ ಮಾಡಿದವು ಎಂಬುದು ಇನ್ನೊಂದು. ಕತ್ತಿನ ಮೇಲೆ ಗರಿಯಿಲ್ಲದ ಕೋಳಿಗೆ ರೋಗ ಬಂದಿದೆ ಎಂಬುದು ಮೂರನೆಯದು.

ಚಿಕ್ಕ ಉತ್ತರ ಇಷ್ಟು: ಮೂರೂ ಸರಿಯಲ್ಲ. ಬಿಸಿಲು ಕೋಳಿಯ ಜೀನ್‌ಗಳನ್ನು ಬೇರೆ ಜೀನ್‌ಗಳನ್ನಾಗಿ ಮಾಡುವುದಿಲ್ಲ. ಇರುವ ಜೀನ್‌ಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಬೇಕು ಎಂಬುದನ್ನು ಮಾತ್ರ ಬದಲಿಸುತ್ತದೆ. ಇದು ಕಾಯಿಲೆಯಲ್ಲ, ಕೋಳಿ ತನ್ನ ಜೀವ ಉಳಿಸಿಕೊಳ್ಳಲು ನಡೆಸುವ ಹೋರಾಟ. ಅದು ಹೇಗೆ ನಡೆಯುತ್ತದೆ ಎಂದು ತಿಳಿದರೆ ತಿನ್ನುವವರ ಅಂಜಿಕೆಯೂ ಹೋಗುತ್ತದೆ, ಸಾಕುವವರಿಗೆ ಮೇ ತಿಂಗಳ ಮಧ್ಯಾಹ್ನ ಏನು ಮಾಡಬೇಕೆಂಬುದೂ ಗೊತ್ತಾಗುತ್ತದೆ.

ಜೀನ್ ಬೇರೆ, ಜೀನ್ ಅಭಿವ್ಯಕ್ತಿ ಬೇರೆ

ಇಳಕಲ್ಲಿನ ಒಬ್ಬ ನೇಕಾರರನ್ನು ನೆನಪಿಸಿಕೊಳ್ಳಿ. ಗೋಮಿ, ಚಿಕ್ಕಿ ಪರಾಸ, ಗಾಡಿ ಹೀಗೆ ಹಲವು ಬಗೆಯ ದಡಿಗಳನ್ನು ನೇಯುವುದು ಅವರಿಗೆ ಗೊತ್ತು. ಆದರೆ ಇವತ್ತು ಮಗ್ಗದ ಮೇಲೆ ಇರುವುದು ಒಂದೇ ದಡಿ. ನಾಳೆ ಬೇರೆ ದಡಿಗೆ ಬೇಡಿಕೆ ಬಂದರೆ ಅದನ್ನು ನೇಯುತ್ತಾರೆ. ಬದಲಾದದ್ದು ಮಗ್ಗದ ಮೇಲಿನ ಕೆಲಸ, ನೇಕಾರರ ವಿದ್ಯೆಯಲ್ಲ.

ಜೀನ್ ಎಂದರೆ ಆ ವಿದ್ಯೆ. ಯಾವ ಪ್ರೋಟೀನನ್ನು ಹೇಗೆ ಕಟ್ಟಬೇಕು ಎಂಬ ಬರಹ ಅದು. ಕೋಳಿಯ ಸಂಪೂರ್ಣ ಜೀನ್ ನಕ್ಷೆಯನ್ನು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಅದಕ್ಕೆ ಬಳಸಿದ್ದು ನಮ್ಮ ಮನೆಕೋಳಿಗಳ ಮೂಲವಾದ ಕೆಂಪು ಕಾಡುಕೋಳಿಯನ್ನು. ಆ ನಕ್ಷೆಯಲ್ಲಿ ಸುಮಾರು 100 ಕೋಟಿ ಅಕ್ಷರಗಳಿದ್ದವು. ಜೀನ್‌ಗಳ ಸಂಖ್ಯೆ 20,000ದಿಂದ 23,000 ಎಂದು ಆಗ ಅಂದಾಜಿಸಲಾಯಿತು. ಕೋಳಿಯ ಯಕೃತ್ತಿನಲ್ಲೂ ಚರ್ಮದಲ್ಲೂ ಮಿದುಳಿನಲ್ಲೂ ಇರುವುದು ಇದೇ ಜೀನ್‌ಗಳು. ಆದರೆ ಒಂದೊಂದು ಕಡೆ ಒಂದೊಂದು ಗುಂಪು ಕೆಲಸದಲ್ಲಿರುತ್ತದೆ, ಉಳಿದವು ಸುಮ್ಮನಿರುತ್ತವೆ.

ಒಂದು ಜೀನ್ ಕೆಲಸಕ್ಕಿಳಿದಾಗ ಮೊದಲು ಅದರ ನಕಲು ತಯಾರಾಗುತ್ತದೆ. ಈ ನಕಲಿನ ಹೆಸರು ಆರ್‌ಎನ್‌ಎ. ಅದನ್ನು ಓದಿಕೊಂಡು ಜೀವಕೋಶ ಪ್ರೋಟೀನ್ ಕಟ್ಟುತ್ತದೆ. ಇದಕ್ಕೇ ಜೀನ್ ಅಭಿವ್ಯಕ್ತಿ ಎನ್ನುವುದು. ಕೋವಿಡ್ ಕಾಲದ ಆರ್‌ಟಿ-ಪಿಸಿಆರ್ ಪರೀಕ್ಷೆ ಎಲ್ಲರಿಗೂ ನೆನಪಿದೆ. ಅಲ್ಲಿ ಹುಡುಕುತ್ತಿದ್ದುದು ವೈರಸ್ಸಿನ ಆರ್‌ಎನ್‌ಎಯನ್ನು. ಅದೇ ಬಗೆಯ ಪರೀಕ್ಷೆಯಿಂದ ಕೋಳಿಯ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆಯುತ್ತಾರೆ. ನಕಲು ಹೆಚ್ಚಿದ್ದರೆ ಆ ಜೀನ್ ಜೋರಾಗಿ ಕೆಲಸ ಮಾಡುತ್ತಿದೆ ಎಂದರ್ಥ.

ಆದ್ದರಿಂದ ‘ಬಿಸಿಲಿಗೆ ಕೋಳಿಯ ಜೀನ್ ಅಭಿವ್ಯಕ್ತಿ ಬದಲಾಗುತ್ತದೆ’ ಎಂಬುದು ಸರಿಯಾದ ಮಾತು. ಅದನ್ನೇ ‘ಜೀನ್ ಬದಲಾಗುತ್ತದೆ’ ಎಂದು ಮೊಟಕು ಮಾಡಿದಾಗ ಅರ್ಥವೇ ತಲೆಕೆಳಗಾಗುತ್ತದೆ.

ಕೋಳಿಗೆ ಬೆವರೇ ಬರುವುದಿಲ್ಲ

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಮೇಲಾಗಿ ಅದರ ಮೈಬಿಸಿ ನಮಗಿಂತ ಹೆಚ್ಚು, ಸಾಮಾನ್ಯ ದಿನದಲ್ಲೇ 41ರಿಂದ 42 ಡಿಗ್ರಿ. ಬೆಳೆದ ಕೋಳಿ ಹಾಯಾಗಿರುವುದು ಸುತ್ತಲಿನ ಗಾಳಿ 18ರಿಂದ 24 ಡಿಗ್ರಿ ಇದ್ದಾಗ. ಹೊರಗೆ 40 ಡಿಗ್ರಿ ಇದ್ದರೆ ಮೈಯೊಳಗಿನ ಬಿಸಿ ಹೊರಗೆ ಹೋಗಲು ದಾರಿಯೇ ಕಿರಿದಾಗುತ್ತದೆ.

ಆಗ ಅದು ರೆಕ್ಕೆಗಳನ್ನು ಮೈಯಿಂದ ಎತ್ತಿ ದೂರ ಹಿಡಿಯುತ್ತದೆ. ಜುಟ್ಟು, ಗಲ್ಲದ ಜೋಲುಚರ್ಮ, ಕಾಲುಗಳಿಗೆ ಹೆಚ್ಚು ರಕ್ತ ಹರಿಸುತ್ತದೆ. ಮಣ್ಣು ಕೆದರಿ ತಂಪು ನೆಲಕ್ಕೆ ಹೊಟ್ಟೆ ಒತ್ತಿ ಕೂರುತ್ತದೆ. ಇದ್ಯಾವುದೂ ಸಾಲದಾದಾಗ ಬಾಯಿ ತೆರೆದು ತೇಕುತ್ತದೆ. ಉಸಿರಾಟ ನಿಮಿಷಕ್ಕೆ 150 ಸಲಕ್ಕಿಂತ ಹೆಚ್ಚಾಗಬಹುದು. ಪ್ರತಿ ಉಸಿರಿನಲ್ಲೂ ಒಂದಿಷ್ಟು ನೀರು ಆವಿಯಾಗಿ ಬಿಸಿಯನ್ನು ಹೊರಗೆ ಒಯ್ಯುತ್ತದೆ.

ನಮ್ಮ ಭಾಗದವರು ಇಲ್ಲಿ ಒಂದು ಮಾತು ಗಮನಿಸಬೇಕು. ಗಾಳಿ ಒಣಗಿದ್ದರೆ ತೇಕುವುದರಿಂದ ಮೈ ತಣಿಯುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅಷ್ಟು ತಣಿಯುವುದಿಲ್ಲ. ಹಾಗಾಗಿ ಏಪ್ರಿಲ್‌ನ ಒಣ ಬಿಸಿಲಿಗಿಂತ, ಮೇ ಕೊನೆಯಲ್ಲಿ ಮೋಡ ಕವಿದು ಗಾಳಿ ನಿಂತು ಧಗೆ ಹೆಚ್ಚಿದ ದಿನ ಕೋಳಿಗೆ ಹೆಚ್ಚು ಕಷ್ಟವಾಗಬಹುದು. ಆ ದಿನ ಮೊಬೈಲಿನಲ್ಲಿ ಕಾಣುವ ಉಷ್ಣಾಂಶ 36 ಡಿಗ್ರಿಯೇ ಇರಬಹುದು. ಬರೀ ಡಿಗ್ರಿ ನೋಡಿ ನಿಶ್ಚಿಂತೆಯಿಂದ ಕೂರುವಂತಿಲ್ಲ. ಮೈಬಿಸಿ 47 ಡಿಗ್ರಿ ಹತ್ತಿರ ಬಂತೆಂದರೆ ಕೋಳಿ ಬದುಕುವುದಿಲ್ಲ.

ಜೀವಕೋಶದ ಒಳಗೆ ಏನಾಗುತ್ತದೆ?

ಮೊಟ್ಟೆ ಬೇಯಿಸಿದಾಗ ನೀರಿನಂತಿದ್ದ ಬಿಳಿ ಗಟ್ಟಿಯಾಗುತ್ತದೆ. ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಚಿ, ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುವುದೇ ಇದಕ್ಕೆ ಕಾರಣ. ಬದುಕಿರುವ ಕೋಳಿಯ ಜೀವಕೋಶದಲ್ಲೂ ಮೈಬಿಸಿ ಎರಡು ಮೂರು ಡಿಗ್ರಿ ಏರಿದರೆ ಇಂಥದ್ದೇ ಗಂಡಾಂತರ ಸಣ್ಣ ಪ್ರಮಾಣದಲ್ಲಿ ಶುರುವಾಗುತ್ತದೆ. ಪ್ರೋಟೀನ್‌ಗಳ ಮಡಿಕೆ ಸಡಿಲವಾಗುತ್ತದೆ. ಮಡಿಕೆ ತಪ್ಪಿದ ಪ್ರೋಟೀನ್ ಕೆಲಸಕ್ಕೆ ಬಾರದು.

ಇದನ್ನು ತಡೆಯಲು ಜೀವಕೋಶದಲ್ಲಿ ಸಹಾಯಕ ಪ್ರೋಟೀನ್‌ಗಳಿವೆ. ಅವುಗಳನ್ನು ‘ಹೀಟ್ ಶಾಕ್ ಪ್ರೋಟೀನ್’ ಎನ್ನುತ್ತಾರೆ. ಹೆಚ್ಚು ಹೆಸರಾದದ್ದು ಎಚ್‌ಎಸ್‌ಪಿ-70. ಸಡಿಲವಾದ ಪ್ರೋಟೀನನ್ನು ಹಿಡಿದು, ಗಂಟಾಗದಂತೆ ಕಾದು, ಮತ್ತೆ ಸರಿಯಾಗಿ ಮಡಿಚಿಕೊಳ್ಳಲು ನೆರವಾಗುವುದು ಇದರ ಕೆಲಸ.

ಅಪಾಯ ಬಂದಿದೆ ಎಂದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಮಾಮೂಲು ದಿನಗಳಲ್ಲಿ ಈ ಸಹಾಯಕರು ‘ಹೀಟ್ ಶಾಕ್ ಫ್ಯಾಕ್ಟರ್’ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದಿಟ್ಟುಕೊಂಡಿರುತ್ತಾರೆ. ಬಿಸಿ ಏರಿ ಮಡಿಕೆ ತಪ್ಪಿದ ಪ್ರೋಟೀನ್‌ಗಳು ಹೆಚ್ಚಾದಾಗ ಸಹಾಯಕರೆಲ್ಲ ಅತ್ತ ಧಾವಿಸುತ್ತಾರೆ. ಬಿಡುಗಡೆಯಾದ ಫ್ಯಾಕ್ಟರ್‌ಗಳು ಮೂರು ಮೂರಾಗಿ ಜೊತೆಗೂಡಿ, ಡಿಎನ್‌ಎ ಮೇಲೆ ತಮಗಾಗಿ ಇರುವ ಜಾಗಕ್ಕೆ ಅಂಟಿಕೊಂಡು, ಎಚ್‌ಎಸ್‌ಪಿ-70 ಜೀನನ್ನು ಚುರುಕುಗೊಳಿಸುತ್ತವೆ. ಕೋಳಿಯಲ್ಲಿ ಇಂಥ ಫ್ಯಾಕ್ಟರ್‌ಗಳು ಒಂದಕ್ಕಿಂತ ಹೆಚ್ಚು. ತೀವ್ರ ಬಿಸಿಯಲ್ಲಿ ಮುಖ್ಯ ಪಾತ್ರ ವಹಿಸುವ ಮೂರನೇ ಫ್ಯಾಕ್ಟರನ್ನು ವಿಜ್ಞಾನಿಗಳು 1993ರಲ್ಲಿ ಕೋಳಿಯಲ್ಲಿಯೇ ಗುರುತಿಸಿದರು.

ಈ ವ್ಯವಸ್ಥೆ ಕೋಳಿಗೆ ಮಾತ್ರ ಸೀಮಿತವಲ್ಲ. ಇದರ ಮೊದಲ ಸುಳಿವು ಸಿಕ್ಕಿದ್ದು ಹಣ್ಣಿನ ನೊಣದಲ್ಲಿ. ಇಟಲಿಯ ವಿಜ್ಞಾನಿ ಫೆರುಚಿಯೊ ರಿತೊಸ್ಸಾ ಅವರು 1962ರಲ್ಲಿ ಈ ಬಗ್ಗೆ ಬರೆದರು. ನೊಣದ ಮರಿಗಳನ್ನು ಇಟ್ಟಿದ್ದ ಪೆಟ್ಟಿಗೆಯ ಬಿಸಿ ಹೆಚ್ಚಾದಾಗ, ಅವುಗಳ ಕ್ರೋಮೋಸೋಮಿನ ಕೆಲವು ಜಾಗಗಳು ಉಬ್ಬಿದ್ದನ್ನು ಅವರು ಕಂಡಿದ್ದರು. ಆ ಉಬ್ಬುಗಳು ಚುರುಕಾದ ಜೀನ್‌ಗಳ ಗುರುತು. ಮುಂದೆ ಬ್ಯಾಕ್ಟೀರಿಯಾ, ಜೋಳ, ಎಮ್ಮೆ, ಮನುಷ್ಯ ಎಲ್ಲರಲ್ಲೂ ಇದೇ ಬಗೆಯ ವ್ಯವಸ್ಥೆ ಕಂಡುಬಂತು. ಜ್ವರ ಬಂದಾಗ ನಿಮ್ಮ ಮೈಯಲ್ಲೂ ಎಚ್‌ಎಸ್‌ಪಿ-70 ಹೆಚ್ಚುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಬೇಡ. ಎಚ್‌ಎಸ್‌ಪಿ-70 ಹೆಚ್ಚಿರುವ ಕೋಳಿ ಬಿಸಿಲು ತಡೆಯುವ ಗಟ್ಟಿ ಕೋಳಿಯೇ ಆಗಿರಬೇಕೆಂದಿಲ್ಲ. ಒಂದು ಓಣಿಗೆ ಅಗ್ನಿಶಾಮಕ ದಳದ ಐದು ಗಾಡಿ ಬಂದಿವೆ ಎಂದರೆ ಅಲ್ಲಿ ಬೆಂಕಿಯೂ ದೊಡ್ಡದಿರಬಹುದು. ಹಾಗೆಯೇ ಮೈ ಹೆಚ್ಚು ಕಾದ ಕೋಳಿಯಲ್ಲಿ ಈ ಪ್ರೋಟೀನ್ ಹೆಚ್ಚಿರಬಹುದು.

ಚುರುಕಾಗುವವು ಕೆಲವು, ಮಂದವಾಗುವವು ಕೆಲವು

ಜೀವ ಉಳಿಸುವ ಕೆಲಸಕ್ಕೆ ಶಕ್ತಿ ಬೇಕು. ಆದ್ದರಿಂದ ಬೆಳವಣಿಗೆ, ಮೊಟ್ಟೆ, ರೋಗನಿರೋಧಕ ಶಕ್ತಿಯ ಕೆಲಸಗಳು ಹಿಂದೆ ಬೀಳುತ್ತವೆ.

ಕರುಳು: ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುವುದರಿಂದ ಕರುಳಿಗೆ ರಕ್ತ ಕಡಿಮೆಯಾಗುತ್ತದೆ. ಕರುಳಿನ ಒಳಪದರದ ಜೀವಕೋಶಗಳನ್ನು ಒಂದಕ್ಕೊಂದು ಬಿಗಿದಿಡುವ ಪ್ರೋಟೀನ್‌ಗಳ ಜೀನ್‌ಗಳಲ್ಲಿ ಏರುಪೇರಾಗುತ್ತದೆ. ಬಿಗಿ ಸಡಿಲವಾದಾಗ ರೋಗಾಣುಗಳು ಒಳನುಗ್ಗುವುದು ಸುಲಭ.

ರೋಗನಿರೋಧಕ ಶಕ್ತಿ: ಒತ್ತಡದಲ್ಲಿ ಕೋಳಿಯ ರಕ್ತದಲ್ಲಿ ಕಾರ್ಟಿಕೊಸ್ಟಿರೋನ್ ಎಂಬ ಹಾರ್ಮೋನ್ ಏರುತ್ತದೆ. ಬಹಳ ದಿನ ಹೀಗೇ ಇದ್ದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಸೆಕೆ ಇಳಿದ ಮೇಲೂ ಕೆಲವು ಹಿಂಡುಗಳಲ್ಲಿ ಜಡ್ಡು ಕಾಣಿಸಿಕೊಳ್ಳಲು ಇದೂ ಒಂದು ಕಾರಣ.

ಮೊಟ್ಟೆ: ತೇಕಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ಬೇಕಾದ ಕಾರ್ಬೊನೇಟ್ ಸಾಲದೆ ಚಿಪ್ಪು ತೆಳುವಾಗುತ್ತದೆ. ಚಿಪ್ಪು ಕಟ್ಟುವ ಅಂಗದಲ್ಲಿ ಕ್ಯಾಲ್ಸಿಯಂ ಸಾಗಿಸುವ ಪ್ರೋಟೀನ್ ಕಡಿಮೆಯಾಗುವುದೂ ಕಂಡುಬಂದಿದೆ. ಬೇಸಿಗೆಯಲ್ಲಿ ತೆಳು ಚಿಪ್ಪಿನ ಮೊಟ್ಟೆ ಸಿಕ್ಕರೆ ಅದು ಪ್ಲಾಸ್ಟಿಕ್ ಮೊಟ್ಟೆಯಲ್ಲ, ಸೆಕೆಗೆ ಬಳಲಿದ ಕೋಳಿಯ ಮೊಟ್ಟೆ.

ಜವಾರಿ ಕೋಳಿ ಹೇಗೆ ತಡೆದುಕೊಳ್ಳುತ್ತದೆ?

ಒಂದೇ ಊರು, ಒಂದೇ ಬಿಸಿಲು. ಜವಾರಿ ಕೋಳಿ ಬೇಲಿಯ ನೆರಳಲ್ಲಿ ಕೆದರಿಕೊಂಡಿರುತ್ತದೆ, ಫಾರಂ ಬ್ರಾಯ್ಲರ್ ನೆಲಕ್ಕೆ ಬಿದ್ದಿರುತ್ತದೆ. ಏಕೆ?

ಬ್ರಾಯ್ಲರ್ ಐದಾರು ವಾರಗಳಲ್ಲಿ ಎರಡು ಕಿಲೋ ತೂಗಬೇಕು. ಹಾರ್ಮೋನ್ ಚುಚ್ಚುವುದರಿಂದ ಹೀಗೆ ಬೆಳೆಯುತ್ತದೆ ಎಂಬುದು ಇನ್ನೊಂದು ಹಳೆಯ ಸುಳ್ಳು. ನಿಜವಾದ ಕಾರಣ ಹಲವು ದಶಕಗಳ ತಳಿ ಆಯ್ಕೆ. ಬೇಗ ಬೆಳೆಯುವ ಮೈಯೊಳಗೆ ಬಿಸಿಯೂ ಹೆಚ್ಚು ಹುಟ್ಟುತ್ತದೆ. ಜವಾರಿ ಕೋಳಿಯ ಮೈ ಸಣ್ಣದು, ಬೆಳವಣಿಗೆ ನಿಧಾನ, ನೆರಳು ಹುಡುಕಿಕೊಂಡು ಹೋಗುವ ಸ್ವಾತಂತ್ರ್ಯವೂ ಇದೆ.

ಇನ್ನು ಕತ್ತಿನ ಮೇಲೆ ಗರಿಯಿಲ್ಲದ ಕೋಳಿಯ ವಿಚಾರ. ಭಾರತದ ಹಲವು ಕಡೆ ಹಳ್ಳಿಯ ಹಿಂಡುಗಳಲ್ಲಿ ಇಂಥ ಕೋಳಿಗಳಿವೆ. ಇದು ರೋಗವಲ್ಲ, ತಂದೆ ತಾಯಿಯಿಂದ ಬಂದ ಗುಣ. ಈ ಗುಣದ ಒಂದು ಪ್ರತಿ ಇದ್ದರೆ ಮೈಮೇಲಿನ ಗರಿ ಸುಮಾರು ಐದನೇ ಒಂದು ಭಾಗ ಕಡಿಮೆ. ಎರಡು ಪ್ರತಿ ಇದ್ದರೆ ಸುಮಾರು ಶೇ 40ರಷ್ಟು ಕಡಿಮೆ. ಗರಿ ಕಡಿಮೆಯಾದಷ್ಟು ಬಿಸಿ ಸುಲಭವಾಗಿ ಹೊರಹೋಗುತ್ತದೆ.

ಇದರ ಗುಟ್ಟನ್ನು ಬ್ರಿಟನ್ನಿನ ರೋಸ್ಲಿನ್ ಸಂಸ್ಥೆಯ ಡೆನಿಸ್ ಹೆಡನ್ ಮತ್ತು ಸಂಗಡಿಗರು 2011ರಲ್ಲಿ ಬಿಡಿಸಿದರು. ಇಂಥ ಕೋಳಿಯ ಡಿಎನ್‌ಎಯಲ್ಲಿ ಬಹಳ ಹಿಂದೆ ಒಂದು ತುಣುಕು ತಾನಾಗಿಯೇ ಬಂದು ಸೇರಿಕೊಂಡಿದೆ. ಅದರಿಂದ ಗರಿ ಮೂಡುವುದನ್ನು ತಡೆಯುವ ಬಿಎಂಪಿ-12 ಎಂಬ ಜೀನ್ ಭ್ರೂಣದ ಚರ್ಮದಲ್ಲಿ ಮಾಮೂಲಿಗಿಂತ ಜೋರಾಗಿ ಕೆಲಸ ಮಾಡುತ್ತದೆ. ಹಾಗಾದರೆ ಕತ್ತೇ ಏಕೆ ಬೋಳು? ಕತ್ತಿನ ಚರ್ಮದಲ್ಲಿ ರೆಟಿನಾಯಿಕ್ ಆಮ್ಲ ತಯಾರಾಗುತ್ತದೆ. ಅದು ಈ ತಡೆಯನ್ನು ಇನ್ನಷ್ಟು ಬಲಪಡಿಸುತ್ತದೆ. ಬಿಸಿಲಿಗೆ ಕ್ಷಣಮಾತ್ರದಲ್ಲಿ ಬದಲಾಗುವ ಅಭಿವ್ಯಕ್ತಿ ಒಂದು ಬಗೆಯಾದರೆ, ಹುಟ್ಟಿನಿಂದಲೇ ಬಂದ ಇಂಥ ಅಭಿವ್ಯಕ್ತಿ ಇನ್ನೊಂದು ಬಗೆ.

ಬರೇಲಿ ಬಳಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯ ‘ಹಿತ್‌ಕಾರಿ’ ತಳಿಯಲ್ಲಿ ಬೋಳು ಕತ್ತಿನ ಗುಣವಿದೆ, ‘ಉಪ್‌ಕಾರಿ’ ತಳಿಯಲ್ಲಿ ಗರಿ ಸುರುಳಿಯಾಗುವ ಗುಣವಿದೆ. ನಮ್ಮ ರಾಜ್ಯದ ‘ಗಿರಿರಾಜ’, ‘ಸ್ವರ್ಣಧಾರಾ’ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದವು. ಹೈದರಾಬಾದಿನಲ್ಲಿ ‘ವನರಾಜ’ ತಳಿ ಬಂತು. ಇವೆಲ್ಲ ಹುಂಜ, ಹೇಟೆಗಳನ್ನು ಆರಿಸಿ ಕೂಡಿಸಿ ಪಡೆದ ತಳಿಗಳು. ಜೀನ್ ಮಾರ್ಪಡಿಸಿದ ಯಾವ ಕೋಳಿಗೂ ಭಾರತದಲ್ಲಿ ಮಾರಾಟದ ಅನುಮತಿ ಸಿಕ್ಕಿಲ್ಲ.

ಮರಿಗಿರುವಾಗಲೇ ಬಿಸಿಯ ಪಾಠ

ಇಸ್ರೇಲಿನ ವಿಜ್ಞಾನಿಗಳು ಮೂರು ದಿನದ ಮರಿಗಳನ್ನು ಸುಮಾರು 37.5 ಡಿಗ್ರಿ ಬಿಸಿಯಲ್ಲಿ 24 ಗಂಟೆ ಇಟ್ಟು ನೋಡಿದರು. ಆ ಮರಿಗಳು ದೊಡ್ಡವಾದ ಮೇಲೆ ಬಿಸಿಯನ್ನು ಬೇರೆಯವಕ್ಕಿಂತ ಚೆನ್ನಾಗಿ ತಡೆದುಕೊಂಡವು. ಮಿದುಳಿನಲ್ಲಿ ಮೈಬಿಸಿ ನಿಯಂತ್ರಿಸುವ ಭಾಗದ ಕೆಲವು ಜೀನ್‌ಗಳ ಬಳಿ ರಾಸಾಯನಿಕ ಗುರುತುಗಳು ಬದಲಾಗಿದ್ದವು. ಪುಸ್ತಕದ ಅಕ್ಷರ ಅದೇ ಇದೆ, ಯಾವ ಪುಟ ತೆರೆಯಬೇಕು ಎಂಬ ಗುರುತು ಬದಲಾಗಿದೆ ಎನ್ನಬಹುದು. ಬಿಸಿ ಸ್ವಲ್ಪ ಹೆಚ್ಚಾದರೂ ಮರಿ ಸಾಯುತ್ತದೆ. ಆದ್ದರಿಂದ ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ.

ತಿನ್ನುವವರ ಪ್ರಶ್ನೆಗಳು

ಸೆಕೆಗೆ ಬಳಲಿದ ಕೋಳಿ ತಿಂದರೆ ನಮ್ಮ ಜೀನ್ ಬದಲಾಗುತ್ತದೆಯೇ?
ಇಲ್ಲ. ಜೋಳದ ರೊಟ್ಟಿ, ಬದನೆಕಾಯಿ, ಹೆಸರುಕಾಳು ಎಲ್ಲದರಲ್ಲೂ ಜೀನ್‌ಗಳಿವೆ. ನಾವು ದಿನವೂ ತಿನ್ನುತ್ತೇವೆ. ಹೊಟ್ಟೆ ಅವನ್ನು ಚೂರು ಚೂರು ಮಾಡಿ ಅರಗಿಸುತ್ತದೆ. ತೀವ್ರ ಸೆಕೆಯಲ್ಲಿ ಕೋಳಿಯ ಕೆಲವು ಜೀವಕೋಶಗಳ ಡಿಎನ್‌ಎಗೆ ಹಾನಿಯಾಗಿದ್ದರೂ ಅದು ತಿಂದವರಿಗೆ ದಾಟುವುದಿಲ್ಲ.

ಎಚ್‌ಎಸ್‌ಪಿ-70 ಇರುವ ಮಾಂಸ ಮೈಗೆ ಉಷ್ಣವೇ?
ಹೆಸರಿನಲ್ಲಿ ‘ಹೀಟ್’ ಇದೆ, ಅಷ್ಟೇ. ಅದು ಬಿಸಿ ಹುಟ್ಟಿಸುವ ವಸ್ತುವಲ್ಲ. ಬೇಯಿಸಿದಾಗ ಬೇರೆ ಪ್ರೋಟೀನ್‌ಗಳಂತೆ ಇದೂ ಬೆಂದು, ಹೊಟ್ಟೆಯಲ್ಲಿ ಅರಗುತ್ತದೆ.

ಹಾಗಾದರೆ ಎಚ್ಚರ ಬೇಕಾದದ್ದು ಎಲ್ಲಿ?
ಸೆಕೆಗೆ ತಾನಾಗಿಯೇ ಸತ್ತ ಕೋಳಿಯನ್ನು ತಿನ್ನಬಾರದು, ಮಾರಲೂಬಾರದು. ಅದರ ರಕ್ತ ಸರಿಯಾಗಿ ಹೊರಹೋಗಿರುವುದಿಲ್ಲ. ಬೇಸಿಗೆಯ ಬಿಸಿಗೆ ಮಾಂಸದಲ್ಲಿ ಬ್ಯಾಕ್ಟೀರಿಯಾ ಬಹಳ ಬೇಗ ಬೆಳೆಯುತ್ತವೆ. ಕಣ್ಣೆದುರಿಗೆ ಕೊಯ್ದ ಕೋಳಿ ತಂದು, ತಡಮಾಡದೆ ಅಡುಗೆ ಮಾಡಿ, ಚೆನ್ನಾಗಿ ಬೇಯಿಸಿ. ಹುಂಜದ ಜೊತೆ ಬೆಳೆದ ಜವಾರಿ ಕೋಳಿಯ ಮೊಟ್ಟೆಯನ್ನು ಬೇಸಿಗೆಯಲ್ಲಿ ಬಹಳ ದಿನ ಹೊರಗಿಡಬೇಡಿ. ಕೋಣೆಯ ಬಿಸಿಗೇ ಅದರೊಳಗೆ ಮರಿಯ ಬೆಳವಣಿಗೆ ಶುರುವಾಗಿ ಮೊಟ್ಟೆ ಕೆಡಬಹುದು.

ಸಾಕುವವರು ಏನು ಮಾಡಬೇಕು?

ಜೀವಕೋಶದ ಕತೆಯಿಂದ ಒಂದು ಪಾಠ ಕಲಿಯಬಹುದು. ಎಚ್‌ಎಸ್‌ಪಿ-70 ಕೊನೆಯ ತಡೆಗೋಡೆ. ಕೋಳಿ ಅಲ್ಲಿಗೆ ಹೋಗದಂತೆ ನೋಡಿಕೊಳ್ಳುವುದೇ ಸಾಕುವವರ ಕೆಲಸ.

• ಮೇವು ಅರಗುವಾಗ ಮೈಯಲ್ಲಿ ಬಿಸಿ ಹುಟ್ಟುತ್ತದೆ. ನಸುಕಿನಲ್ಲಿ ಮತ್ತು ಸಂಜೆ ತಂಪಾದ ಮೇಲೆ ಮೇವು ಕೊಡಿ. ಬೆಳಿಗ್ಗೆ 10–11ರಿಂದ ಸಂಜೆ 4ರವರೆಗೆ ಮೇವು ಬೇಡ, ನೀರು ಮಾತ್ರ ಸದಾ ಇರಲಿ.
• ಮಾಮೂಲಿ ದಿನ ಕೋಳಿ ತಿಂದ ಮೇವಿನ ಎರಡು ಪಟ್ಟು ನೀರು ಕುಡಿಯುತ್ತದೆ. ಬಿರುಬಿಸಿಲಿನಲ್ಲಿ ಇದು ನಾಲ್ಕು ಪಟ್ಟಿಗೂ ಏರಬಹುದು. ನೀರಿನ ಟಾಕಿ, ಪೈಪು ಬಿಸಿಲಿಗೆ ಬೀಳದಂತೆ ಗೋಣಿಚೀಲ ಸುತ್ತಿ ಒದ್ದೆ ಮಾಡಿ.
• ತಗಡಿನ ಮೇಲೆ ಸುಣ್ಣ ಬಳಿಯಿರಿ ಇಲ್ಲವೇ ಜೋಳದ ಕಣಿಕೆ ಹಾಸಿ. ಹೊಸ ಶೆಡ್ ಕಟ್ಟುವುದಾದರೆ ಅದರ ಉದ್ದ ಪೂರ್ವ–ಪಶ್ಚಿಮವಾಗಿರಲಿ.
• ಗಾಳಿ ಒಣಗಿರುವ ದಿನ ಬದಿಗೆ ಕಟ್ಟಿದ ಒದ್ದೆ ಗೋಣಿ, ನೀರಿನ ತುಂತುರು ಚೆನ್ನಾಗಿ ಕೆಲಸ ಮಾಡುತ್ತವೆ. ಮೋಡ ಕವಿದ ಧಗೆಯ ದಿನ ತುಂತುರಿಗಿಂತ ಫ್ಯಾನಿನ ಗಾಳಿ ಮುಖ್ಯ.
• ಬೇಸಿಗೆಯಲ್ಲಿ ಒಂದೇ ಶೆಡ್ಡಿನಲ್ಲಿ ಕೋಳಿಗಳ ಸಂಖ್ಯೆ ಕಡಿಮೆ ಮಾಡಿ. ಮಧ್ಯಾಹ್ನ ಹಿಡಿಯುವುದು, ಸಾಗಿಸುವುದು, ಲಸಿಕೆ ಹಾಕುವುದು ಬೇಡ. ಜವಾರಿ ಕೋಳಿಯನ್ನು ಬಿಸಿಲಿನಲ್ಲಿ ಬುಟ್ಟಿಯಡಿ ಮುಚ್ಚಬೇಡಿ.
• ಎಲೆಕ್ಟ್ರೊಲೈಟ್, ವಿಟಮಿನ್ ಸಿ ಪುಡಿಯನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಿ.

ಬಿಸಿಲಿನ ಮಧ್ಯಾಹ್ನ ಬಾಯಿ ತೆರೆದು ತೇಕಿ ಸತ್ತರೆ ಸೆಕೆ ಕಾರಣವಿರಬಹುದು. ಆದರೆ ರಾತ್ರಿ, ಬೆಳಿಗ್ಗೆಯೂ ಸಾಯುತ್ತಿದ್ದರೆ, ಹಸಿರು ಭೇದಿ, ಕತ್ತು ತಿರುಚುವುದು, ಮುಖ ಊದುವುದು ಕಂಡರೆ ಅದನ್ನು ಬಿಸಿಲಿನ ತಲೆಗೆ ಕಟ್ಟಬೇಡಿ. ಕೊಕ್ಕರೆ ರೋಗವೋ ಹಕ್ಕಿಜ್ವರವೋ ಇರಬಹುದು. ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ ಅಥವಾ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಸತ್ತ ಕೋಳಿಗಳನ್ನು ಹಳ್ಳಕ್ಕೆ ಎಸೆಯದೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

ಫಾರ್ವರ್ಡ್ ಒತ್ತುವ ಮುನ್ನ

ಕೋಳಿಯ ಬಗೆಗಿನ ಒಂದು ಸುಳ್ಳು ಎಷ್ಟು ದುಬಾರಿ ಎಂಬುದನ್ನು ನಾವು 2020ರಲ್ಲಿ ಕಂಡಿದ್ದೇವೆ. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸಂದೇಶ ಹಬ್ಬಿತು. ಅದು ಸುಳ್ಳು ಎಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಹೇಳಿದರೂ ಜನ ಕೋಳಿ ಕೊಳ್ಳುವುದನ್ನು ಬಿಟ್ಟರು, ಬೆಲೆ ನೆಲ ಕಚ್ಚಿತು. ಆ ಮಾರ್ಚ್‌ನಲ್ಲಿ ಪಕ್ಕದ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಗುಂಡಿಗೆ ಹಾಕಿ ಜೀವಂತ ಹೂತರು. ಆ ಕೋಳಿಗಳಿಗೆ ಯಾವ ರೋಗವೂ ಇರಲಿಲ್ಲ.

ಬೇಸಿಗೆಯಲ್ಲಿ ಕೋಳಿ ಸಾಕುವವರಿಗೆ ಬಿಸಿಲಿನದೇ ಒಂದು ಹೊಡೆತ. ‘ಜೀನ್ ಕೆಟ್ಟ ಕೋಳಿ’ ಎಂಬ ಸಂದೇಶ ಅದರ ಮೇಲೆ ಇನ್ನೊಂದು ಹೊಡೆತ ಹಾಕುತ್ತದೆ.

ನಿಮ್ಮ ಗುಂಪಿನಲ್ಲಿ ಹಂಚಿಕೊಳ್ಳಲು ಇಷ್ಟು ಸಾಕು:

1. ಬಿಸಿಲಿಗೆ ಕೋಳಿಯ ಜೀನ್ ಬೇರೆ ಆಗುವುದಿಲ್ಲ, ಜೀನ್‌ಗಳ ಕೆಲಸದ ಪ್ರಮಾಣ ಬದಲಾಗುತ್ತದೆ.
2. ಅದು ತಿಂದವರಿಗೆ ದಾಟುವುದಿಲ್ಲ. ಆರೋಗ್ಯವಾಗಿದ್ದಾಗ ಕೊಯ್ದು, ಚೆನ್ನಾಗಿ ಬೇಯಿಸಿದ ಕೋಳಿ ತಿನ್ನಬಹುದು. ತಾನಾಗಿ ಸತ್ತದ್ದನ್ನು ತಿನ್ನಬಾರದು.
3. ಬೋಳು ಕತ್ತಿನ ಕೋಳಿಗೆ ರೋಗವಿಲ್ಲ, ಹುಟ್ಟಿನಿಂದ ಬಂದ ಗುಣವಿದೆ. ಗಿರಿರಾಜ, ವನರಾಜ ಜೀನ್ ಮಾರ್ಪಡಿಸಿದ ಕೋಳಿಗಳಲ್ಲ.
4. ಕೋಳಿ ಸಾಕಿದ್ದರೆ ಮಧ್ಯಾಹ್ನ ಮೇವು ಬೇಡ, ತಂಪು ನೀರು, ನೆರಳು, ಗಾಳಿ ಬೇಕು.